ಪಟೇಲರ ತೂಕ

ನಮ್ಮ ಊರಿನಲ್ಲಿ ಮನೆ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂಬುದನ್ನು ಆ ಮನೆಯ ಬೆಕ್ಕು ತೀರ್ಮಾನಿಸುತ್ತದೆ. ಬೆಕ್ಕು ಹಗುರಾದರೆ ಮನೆ ಏರುತ್ತದೆ, ಭಾರವಾದರೆ ಇಳಿಯುತ್ತದೆ. ಬೆಕ್ಕು ಯಾವ ಬೀದಿಯಲ್ಲಿ ಅಲೆಯುತ್ತಿದ್ದರೂ ಮನೆಗೆ ಅದರ ಭಾರ ಗೊತ್ತು. ಹೊಸದಾಗಿ ಮದುವೆಯಾದವರು ಮರಿ ಸಾಕುವುದರಿಂದ ಅವರ ಮನೆಗೆ ಏಣಿ ಹತ್ತಿ ಹೋಗಬೇಕು. ಅಂಥವರನ್ನು ಏಣಿಮನೆಯವರು ಎನ್ನುತ್ತೇವೆ. ಮರಿ ಬಲಿತು ಮನೆ ಕೆಳಗೆ ಬಂದ ಮೇಲೆ ಅವರೂ ಎಲ್ಲರ ಹಾಗೆ ಸಂಸಾರಸ್ಥರು. ಹೆಣ್ಣು ನೋಡಲು ಬಂದವರು ಮೊದಲು ಹೊಸ್ತಿಲಿನ ಎತ್ತರ ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಕಂಬದಿಂದ ಮನೆಗೆ ಕರೆಂಟಿನ ತಂತಿ ಎಳೆಯುವಾಗ ಧಾರಾಳವಾಗಿ ಸಡಿಲ ಬಿಡುವುದು, ನಲ್ಲಿಗೆ ಉದ್ದನೆಯ ರಬ್ಬರ್ ಪೈಪು ಸಿಕ್ಕಿಸುವುದು, ಅಂಚೆಯವನು ಕಾಗದದ ಚೀಲದ ಜೊತೆಗೆ ಮಡಚುವ ಸ್ಟೂಲನ್ನೂ ಹೆಗಲಿಗೆ ಹಾಕಿಕೊಂಡು ಬರುವುದು, ಇವೆಲ್ಲ ನಮಗೆ ಮಾಮೂಲು.

ಹಾಗಾಗಿ ನಮ್ಮ ಮನೆ ಇಳಿಯತೊಡಗಿದಾಗ ಬೀದಿಯಲ್ಲಿ ಯಾರೂ ಗಾಬರಿಯಾಗಲಿಲ್ಲ, ನಕ್ಕರು. ನಮ್ಮ ಬೆಕ್ಕಿನ ಹೆಸರು ಪಟೇಲ. ಬೂದು ಮೈ, ಬಿಳಿ ಎದೆ, ಕೂತರೆ ಶಲ್ಯ ಹೊದ್ದು ನ್ಯಾಯ ಹೇಳಲು ಕೂತ ಹಾಗೆ. ಮನೆಗೆ ಬಂದ ಹೊಸದರಲ್ಲಿ ಬರೀ ಪಟೇಲ. ಮೈ ತುಂಬಿದ ಮೇಲೆ ಬೀದಿಯವರೇ ಬಹುವಚನ ಹಚ್ಚಿ ಪಟೇಲರು ಎಂದರು, ನಾವೂ ಹಾಗೇ ಕರೆದೆವು. ಪಟೇಲರು ನಡೆದರೆ ಹೊಟ್ಟೆ ನೆಲ ಒರೆಸುತ್ತಿತ್ತು. ಬೆನ್ನು ನೆಕ್ಕಿಕೊಳ್ಳಲು ಕತ್ತು ತಿರುಗಿಸಿದವರು ಅರ್ಧದಲ್ಲೇ ಸುಸ್ತಾಗಿ, ಬಂದ ಕೆಲಸ ಮರೆತವರಂತೆ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು. ಅವರು ತುಂಬಿಕೊಂಡಂತೆಲ್ಲ ನಮ್ಮ ಮನೆಯ ಮುಂದಿನ ಮರದ ಮೆಟ್ಟಿಲುಗಳು ಒಂದೊಂದಾಗಿ ಕೆಲಸ ಕಳೆದುಕೊಂಡವು. ಬೇಡವಾದ ಮೆಟ್ಟಿಲನ್ನು ನಾನು ಅಂಗಡಿಗೆ ಒಯ್ದು ಗೋಡೆಗೆ ಹಲಗೆಯಾಗಿ ಹೊಡೆಸಿದೆ.

ಅಂಗಡಿಯೆಂದರೆ ಕ್ಷೌರದಂಗಡಿ. ಅದು ನನ್ನ ದೊಡ್ಡಪ್ಪ ಸಿಂಗಾರಯ್ಯನದು. ಊರಿಗೆಲ್ಲ ಅವನು ಸಿಂಗ್ರಣ್ಣ. ಅವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ ಕತ್ತರಿಯನ್ನು ನಾನು ಕೈಗೆತ್ತಿಕೊಂಡೆ. ಹೆಣ್ಣಿನ ಕೈಗೆ ಕತ್ತು ಕೊಟ್ಟರೆ ಉಳಿಯುತ್ತದೆಯೇ ಎಂದು ಕೇಳಿದವರು ಈಗ ನನ್ನ ಮುಂದೆಯೇ ಕತ್ತು ಬಗ್ಗಿಸಿ ಕೂರುತ್ತಾರೆ. ನಾನು ಕೈಹಾಕಿದ ಕೆಲಸ ಕೆಡುವುದಿಲ್ಲ. ದೊಡ್ಡಪ್ಪನ ಬಲಗೈಗಾಗಲಿ ನಾಲಿಗೆಗಾಗಲಿ ಏನೂ ಆಗಿರಲಿಲ್ಲ. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಅವನ ಮಂಚ ಹಾಕಿದ್ದೆ. ಆದರೆ ಆಗ ಪಟೇಲ ಇನ್ನೂ ಎಳೆಯ. ಮನೆ ಆಳೆತ್ತರಕ್ಕೆ ನಿಂತಿತ್ತು. ಕಿಟಕಿಯಲ್ಲಿ ಕಾಣುತ್ತಿದ್ದದ್ದು ತಂತಿ, ತಂತಿಯ ಮೇಲೆ ಕಾಗೆ, ಮಿಕ್ಕಿದ್ದೆಲ್ಲ ಆಕಾಶ. ಇಡೀ ಆಯಸ್ಸು ತಲೆಗಳ ನಡುವೆ ಕಳೆದವನಿಗೆ ಒಂದು ತಲೆಯೂ ಕಾಣುತ್ತಿರಲಿಲ್ಲ.

"ಎಷ್ಟೊಂದು ಆಕಾಶ ಕೊಟ್ಬಿಟ್ಯಲ್ಲ ಮಗ," ಅನ್ನುತ್ತಿದ್ದ. "ಏನ್ ಮಾಡ್ಲಿ ಇಷ್ಟ್ನೂ ಇಟ್ಕೊಂಡು?"

ಈಗ ನಮ್ಮ ಹೊಸ್ತಿಲು ರಸ್ತೆಯ ಸಮಕ್ಕೆ ಬಂದು, ಅದನ್ನೂ ದಾಟಿ ಒಂದು ಗೇಣು ಕೆಳಗೆ ಹೋಯಿತು. ಬೀದಿಯ ಧೂಳು ನೇರ ಒಳಗೆ ಬರತೊಡಗಿತು. ಒಂದು ಬೆಳಿಗ್ಗೆ ವಾರ್ಡಿನ ಮೇಸ್ತ್ರಿ ಬೋರಲಿಂಗಯ್ಯನೂ ಬಂದ. ನೀಳ ಆಸಾಮಿ, ಮೂರು ದಿನದ ಗಡ್ಡ, ಕೈಯಲ್ಲಿ ಕೆಂಪು ಗೆರೆ ಹಾಕಿದ ಬಿದಿರಿನ ಗಳ. ಗಳವನ್ನು ರಸ್ತೆಯಂಚಿಗೆ ನಿಲ್ಲಿಸಿ ಹೊಸ್ತಿಲು ನೋಡಿದ. ಕೆಂಪು ಗೆರೆ ಅವನ ಮೊಣಕಾಲಿನ ಮಟ್ಟದಲ್ಲಿತ್ತು, ನಮ್ಮ ಹೊಸ್ತಿಲು ಅವನ ಚಪ್ಪಲಿಗಿಂತ ಕೆಳಗಿತ್ತು.

"ದೇವೀರಮ್ಮ, ಮನೇನ ಬಾವಿ ಮಾಡ್ಕೊಂತಿದ್ದೀಯೇನವ್ವ?"

"ತಮಾಷೆ ಬೇಡ ಮೇಸ್ತ್ರಿ. ಏನ್ ಹೇಳ್ಬೇಕೋ ಹೇಳಿ."

"ಹೇಳೋದೇನೈತೆ. ಶ್ರಾವಣಕ್ಕೆ ಕೆರೆ ತೂಬು ಬಿಡ್ತೀವಿ. ನೀರು ಈ ಬೀದಿ ಮ್ಯಾಲೇ ಹಾದು ಗದ್ದೆಗೆ ಹೋಗ್ಬೇಕು. ಅಷ್ಟೊತ್ಗೆ ನಿಮ್ ಹೊಸ್ತಿಲು ಈ ಗೆರೆಗೆ ಬಂದಿರ್ಬೇಕು. ಇಲ್ದಿದ್ರೆ ಪಟೇಲ್ರು ಬದ್ಲಿ."

ಬದಲಿಯೆಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು. ದಪ್ಪ ಬೆಕ್ಕನ್ನು ಪುರಸಭೆಯವರು ಒಯ್ದು, ಮೇಲೇರಿ ಕೂತ ಯಾವುದೋ ಮನೆಗೆ ಕೊಟ್ಟು, ಅಲ್ಲಿನ ಬಡಕಲನ್ನು ನಮಗೆ ತಂದು ಬಿಡುತ್ತಾರೆ. ಕೊಟ್ಟದ್ದು ವಾಪಸ್ಸು ಬರುವುದಿಲ್ಲ. ನಾನು ಪಟೇಲರನ್ನು ನೋಡಿದೆ. ಅವರು ದೊಡ್ಡಪ್ಪನ ಸತ್ತ ಎಡಗೈಯ ಮೇಲೆ ಹೊಟ್ಟೆ ಹಾಸಿ ಮಲಗಿದ್ದರು. ಆ ಕೈಗೆ ಬಿಸಿಯೊಂದೇ ತಿಳಿಯುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದ. ಬೇರೆ ಯಾವ ಬೆಕ್ಕೂ ಆ ಕೈ ಬಿಸಿ ಮಾಡಲು ಬರುವುದಿಲ್ಲ ಎಂಬುದು ನನಗೆ ಖಂಡಿತ ಗೊತ್ತಿತ್ತು.

"ಬದ್ಲಿ ಏನೂ ಬೇಡ. ಶ್ರಾವಣದಲ್ಲಿ ಗಳ ತಗೊಂಡು ಬನ್ನಿ," ಅಂದೆ.

ನಾನು ಕ್ಷೌರದವಳು. ಹೆಚ್ಚಾದದ್ದನ್ನು ತೆಗೆಯುವುದೇ ನನ್ನ ಕಸುಬು. ಕೂದಲು ಬೆಳೆದರೆ ಕತ್ತರಿಸುತ್ತೇವೆ, ಬೆಕ್ಕು ಬೆಳೆದರೆ ಊಟ ಕತ್ತರಿಸಿದರಾಯಿತು ಎಂದುಕೊಂಡೆ. ಆ ದಿನವೇ ಪಟೇಲರ ಹಾಲು, ಅನ್ನ, ಮೀನು ಎಲ್ಲ ನಿಲ್ಲಿಸಿ, ನೀರು ಮಾತ್ರ ಇಟ್ಟು, ಅವರನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದೆ. ಮೊದಲು ಬೈದರು. ಆಮೇಲೆ ಬಾಗಿಲು ಕೆರೆದರು. ಮೂರನೆಯ ದಿನ ಸದ್ದೇ ಇಲ್ಲ. ಬಾಗಿಲು ತೆಗೆದು ಮೀನು ಹಿಡಿದರೆ ಮೂಸಿ ಮುಖ ತಿರುಗಿಸಿದರು. ಕಿವಿಯ ಒಳಗು ಹಳದಿಗೆ ತಿರುಗಿತ್ತು.

ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ದನದ ಆಸ್ಪತ್ರೆಗೆ ಓಡಿದೆ. ಡಾಕ್ಟರು ಜೈಬುನ್ನೀಸಾ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬಾಯಿ ತೆರೆಸಿ ವಸಡು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಎಷ್ಟು ದಿನದಿಂದ ಉಪವಾಸ ಹಾಕಿದ್ದೀರಿ?"

ಹೇಳಿದೆ.

"ತೆಳ್ಳಗಿರೋ ಬೆಕ್ಕು ಹಸಿವು ತಡ್ಕೊಳ್ಳುತ್ತೆ, ದಪ್ಪ ಬೆಕ್ಕು ತಡ್ಕೊಳ್ಳಲ್ಲ. ಒಂದೇ ಸಲ ಊಟ ನಿಲ್ಲಿಸಿದ್ರೆ ಮೈಯಲ್ಲಿರೋ ಕೊಬ್ಬೆಲ್ಲ ಲಿವರಿಗೆ ನುಗ್ಗುತ್ತೆ. ಇದು ತಲೆಕೂದಲಲ್ಲ ದೇವೀರಮ್ಮ, ಕೂರಿಸ್ಕೊಂಡು ಬೋಳಿಸೋಕೆ."

"ಹೋಗ್ಬಿಡ್ತಾರಾ ಡಾಕ್ಟ್ರೇ?"

"ಹೋಗಲ್ಲ, ಬೇಗ ತಂದಿದ್ದೀರಿ. ಆದರೆ ಇನ್ನು ಮೇಲೆ ನಾನು ಹೇಳಿದ ಹಾಗೆ."

ಪಟೇಲರಿಗೆ ಸೂಜಿ ಚುಚ್ಚಿ, ನಳಿಕೆಯಲ್ಲಿ ಗಂಜಿಯಂಥದ್ದೇನೋ ಹಾಕಿ, ಒಂದು ವಾರ ಅಲ್ಲೇ ಇರಿಸಿಕೊಂಡು ಕಳಿಸಿದರು. ಅವರು ಹೇಳಿದ ಹಾಗೆ ಎಂದರೆ ಹೀಗೆ: ಹಾಲನ್ನ ಬೇಡ, ತುಪ್ಪದ ವಾಸನೆಯೂ ಬೇಡ. ಬೇಯಿಸಿದ ಮೀನು, ಕೋಳಿ, ಒಂದೇ ಬಟ್ಟಲಿನ ಅಳತೆ. ಆ ಬಟ್ಟಲನ್ನೂ ಒಂದೇ ಸಲ ಇಡದೆ ಸ್ವಲ್ಪ ಸ್ವಲ್ಪವಾಗಿ ಕಪಾಟಿನ ಹಿಂದೆ, ಕಿಟಕಿಯ ಕೆಳಗೆ, ಮೂಲೆಮೂಲೆಯಲ್ಲಿ ಬಚ್ಚಿಡಬೇಕು. ನಡೆದವರಿಗೆ ಊಟ. ದಿನಕ್ಕೆ ಎರಡು ಸಲ ಆಟ. ಅಂಗಡಿಯಲ್ಲಿ ಬಿದ್ದ ಕೂದಲನ್ನು ಉಂಡೆ ಕಟ್ಟಿ ದಾರಕ್ಕೆ ಬಿಗಿದು ನೆಲದ ಮೇಲೆ ಎಳೆದೆ. ಪಟೇಲರು ಮೊದಲ ದಿನ ಮಲಗಿದಲ್ಲಿಂದಲೇ ಒಂದು ಕೈ ಚಾಚಿ ನೋಡಿದರು. ನಾಲ್ಕು ದಿನ ಕಳೆದ ಮೇಲೆ ಎದ್ದರು. ಆಮೇಲೆ ಓಡಿದರು. ಅದನ್ನು ಓಟವೆಂದು ಒಪ್ಪಿಕೊಳ್ಳಲು ಸ್ವಲ್ಪ ಔದಾರ್ಯ ಬೇಕಿತ್ತು, ಆದರೂ ಓಟವೇ.

ಮನೆ ಮಾತ್ರ ಏರಲಿಲ್ಲ. ಬಟ್ಟಲು ಹಾಕುವುದು ನಾನು, ಅಡುಗೆಮನೆಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸುವುದೂ ನಾನು. ಆದರೂ ಆಷಾಢ ಹಿಡಿಯುವ ಹೊತ್ತಿಗೆ ಹೊಸ್ತಿಲು ಇನ್ನೂ ಒಂದು ಬೆರಳು ಕೆಳಗೆ ಹೋಗಿತ್ತು. ಅಂಗಡಿಯಲ್ಲೂ ಏನೋ ಸರಿಯಿರಲಿಲ್ಲ. ತಪ್ಪದೆ ಬರುತ್ತಿದ್ದ ಹಳಬರು ಬರುವುದು ಬಿಟ್ಟರು. ಬಾರದ ಗಡ್ಡಗಳು ಬೀದಿಯಲ್ಲಿ ನುಣ್ಣಗೆ ತಿರುಗುತ್ತಿದ್ದವು. ಯಾರೋ ಮೇಲಿನ ಬೀದಿಯಲ್ಲಿ ಹೊಸ ಅಂಗಡಿ ಇಟ್ಟಿರಬೇಕೆಂದುಕೊಂಡೆ. ಇಡಲಿ, ಎಷ್ಟು ದಿನ ತಡೆಯುತ್ತಾನೆ ನೋಡೋಣ ಎಂದೂ ಅಂದುಕೊಂಡೆ.

ಬೆಕ್ಕಿಗೆ ಕದ್ದು ತಿನ್ನಿಸುತ್ತಿರುವವಳು ಎದುರುಮನೆಯ ತಿಮ್ಮಾಜಮ್ಮನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅವಳ ಮನೆಯಲ್ಲಿ ಮೀನು ಹುರಿಯದ ದಿನವಿಲ್ಲ. ಬಾಗಿಲಲ್ಲೇ ನಿಂತು ಕೇಳಿದೆ.

"ಅತ್ತೆ, ನಮ್ ಪಟೇಲ್ರಿಗೆ ಮೀನ್ ಹಾಕೋದು ನೀವೇ ತಾನೆ?"

"ನಾನ್ಯಾಕ್ ಹಾಕ್ಲಿ? ನಿಮ್ ಬೆಕ್ಕು ನಮ್ ಹಿತ್ಲಿಗೆ ಬರೋಕೆ ಅದ್ಕೆ ಎತ್ತಿನ ಗಾಡಿ ಕಟ್ಬೇಕು!"

"ಮತ್ತೆ ಅವರ ಮೀಸೇಲಿ ದಿನಾ ಮಸಾಲೆ ವಾಸನೆ ಎಲ್ಲಿಂದ?"

"ನಾನ್ ಹುರ್ದ ಮೀನು ನಿಮ್ಮನೇಗೆ ಹೋಗಿರೋದು ನಿಜ. ಬೆಕ್ಕಿಗಲ್ಲ. ಕೊಟ್ಟಿದ್ದು ಸಿಂಗ್ರಣ್ಣಂಗೆ. ಮುದುಕ ಬಾಯ್ಬಿಟ್ಟು ಕೇಳ್ದ, ಕೊಟ್ಟೆ. ಏನೀಗ?"

"ದೊಡ್ಡಪ್ಪ ಮೀನು ತಿನ್ನೋದು ಬಿಟ್ಟು ಎಷ್ಟೋ ವರ್ಷ ಆಯ್ತು ಅತ್ತೆ."

ತಿಮ್ಮಾಜಮ್ಮ ನಮ್ಮ ಕಿಟಕಿಯತ್ತ ತಿರುಗಿ ನೋಡಿದಳು. ಅಷ್ಟರಲ್ಲಿ ಏನು ಗಲಾಟೆಯೆಂದು ಅವಳ ಗಂಡ ಚನ್ನಪ್ಪಾಜಿ ಒಳಗಿನಿಂದ ಬಂದ. ಅವನ ಕಿವಿಯ ಮುಂದಿನ ಕೂದಲು ಕೆಳತುದಿಯಲ್ಲಿ ಒಂದಿಷ್ಟೇ ಹಿಂದಕ್ಕೆ, ಕಿವಿಯ ಕಡೆಗೆ ವಾಲಿತ್ತು. ನಾನು ಅಲ್ಲಿ ನೇರ ಕತ್ತರಿಸುತ್ತೇನೆ. ಎಲ್ಲರೂ ನೇರವೇ ಕತ್ತರಿಸುತ್ತಾರೆ. ವಾಲಿಸಿ ಕತ್ತರಿಸುವ ಕೈ ಊರಿನಲ್ಲಿ ಒಂದೇ.

"ಮಾವ, ಯಾರತ್ರ ಮಾಡಿಸ್ಕೊಂಡ್ರಿ?"

ಚನ್ನಪ್ಪಾಜಿ ಕಿವಿ ಮುಚ್ಚಿಕೊಂಡು ಒಳಗೆ ಹೋದ.

ಮಾರನೆಯ ದಿನ ಮಧ್ಯಾಹ್ನ, ನಾನು ಬಾರದ ಹೊತ್ತಿನಲ್ಲಿ, ಅಂಗಡಿಗೆ ಬಾಗಿಲು ಎಳೆದು ಮನೆಗೆ ಬಂದೆ. ನಮ್ಮ ಕಿಟಕಿಯ ಹೊರಗೆ ರಸ್ತೆಯಂಚಿನಲ್ಲಿ ಒಬ್ಬ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತಿದ್ದ. ಇನ್ನಿಬ್ಬರು ಗೋಡೆಗೆ ಒರಗಿ ಸರದಿ ಕಾಯುತ್ತಿದ್ದರು. ಕೂತವನ ಗಲ್ಲ ಕಿಟಕಿಯ ಹಲಗೆಯ ಮೇಲಿತ್ತು. ನಮ್ಮ ಊರಿನಲ್ಲಿ ಕಿಟಕಿಗೆ ಸರಳು ಹಾಕುವ ವಾಡಿಕೆಯಿಲ್ಲ, ಹತ್ತಿ ಬರುವವರು ಯಾರು? ಒಳಗಿನಿಂದ ದೊಡ್ಡಪ್ಪನ ಬಲಗೈ ಹೊರಬಂದು ಅವನ ಮುಖದ ಮೇಲೆ ಕತ್ತಿಯಾಡಿಸುತ್ತಿತ್ತು. ಚರ್ಮ ಬಿಗಿ ಹಿಡಿಯಲು ದೊಡ್ಡಪ್ಪನಿಗೆ ಇನ್ನೊಂದು ಕೈ ಇಲ್ಲವಲ್ಲ, ಗಿರಾಕಿಯೇ ತನ್ನ ಕೆನ್ನೆಯನ್ನು ತಾನು ಎಳೆದು ಹಿಡಿದಿದ್ದ.

"ಇನ್ನೂ ಎಳಿ. ಎಳಿಯೋ! ನಿನ್ ಕೆನ್ನೆ ತಾನೆ, ಮಾವನ ಮನೇದಲ್ವಲ್ಲ," ಅನ್ನುತ್ತಿದ್ದ ದೊಡ್ಡಪ್ಪ. "ಹೂಂ, ಆಮ್ಯಾಲೆ? ಅವ್ಳು ಏನಂದ್ಲು?"

ಎಷ್ಟೋ ದಿನದ ಮೇಲೆ ಆ ದನಿ ಕೇಳಿದೆ. ಅದು ಅಂಗಡಿಯ ದನಿ. ಕಿಟಕಿಯ ಹಲಗೆಯ ಇನ್ನೊಂದು ತುದಿಯಲ್ಲಿ ಬಾಳೆಲೆಯ ಚೂರು, ಅದರ ಮೇಲೆ ಬೆಣ್ಣೆ, ಹುರಿದ ಮೀನು, ಮೊಟ್ಟೆಯ ಅರ್ಧ. ಪಟೇಲರು ಗಂಭೀರವಾಗಿ ತಿನ್ನುತ್ತಿದ್ದರು. ಕ್ಷೌರಕ್ಕೆ ಬಂದವರು ತಂದ ಕಾಣಿಕೆ ಅದು, ಎಲ್ಲವೂ ಬೆಕ್ಕಿನ ಹೊಟ್ಟೆಗೆ.

ನನ್ನನ್ನು ಕಂಡು ಕಾಯುತ್ತಿದ್ದವರು ಚದುರಿದರು. ಕೂತವನು ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಎದ್ದು ಹೋದ. ದೊಡ್ಡಪ್ಪ ಕತ್ತಿಯನ್ನು ಹೊದಿಕೆಗೆ ಒರೆಸಿದ.

"ಯಾವಾಗಿಂದ?" ಅಂದೆ.

"ಮೊದ್ಲು ಟೋಪಿಗಳು ಕಾಣ್ಸಿದ್ವು ಮಗ. ಅವತ್ತು ಪಟೇಲಂಗೆ ನನ್ ಪಾಲಿನ ಹಾಲೆಲ್ಲ ಹಾಕ್ದೆ. ಆಮ್ಯಾಲೆ ಹಣೆ ಕಾಣ್ತು, ಕಣ್ಣು ಕಾಣ್ತು. ಒಂದಿನ ಬೀದೀಲ್ ಹೋಗೋ ಚನ್ನಪ್ಪಾಜಿ ಹಿಂಗೇ ನನ್ ಮುಂದೆ ನಿಂತು, ಸಿಂಗ್ರಣ್ಣ ಬದ್ಕಿದ್ದೀಯೇನೋ ಅಂದ. ನಿಂತ್ಕಂಡಿರೋರು ಹೆಂಗ್ ಮಾಡಿಸ್ಕಂತಾರೆ, ಕೂತ್ಕಳ್ಳಿ ಅಂದ್ರೆ ಮನೆ ಇನ್ನೂ ಇಳೀಬೇಕು. ಇಳಿಸ್ದೆ."

"ಡಾಕ್ಟ್ರು ಅಷ್ಟು ಹೇಳಿ ಕಳ್ಸಿದ್ ಮೇಲೂ?"

ಅವನು ಪಟೇಲರ ಬೆನ್ನ ಮೇಲೆ ಕೈಯಿಟ್ಟ. "ಸ್ವಲ್ಪ ಸ್ವಲ್ಪಾನೇ ಹಾಕ್ತಿದ್ದೆ."

"ನಂಗ್ಯಾಕ್ ಹೇಳ್ಲಿಲ್ಲ?"

"ಅಂಗ್ಡಿ ನಿಂದು. ಮುದುಕ ಮಂಚದ ಮ್ಯಾಲಿಂದ ನಿನ್ ಗಿರಾಕಿ ಕಿತ್ಕಂತಾನೆ ಅಂದ್ರೆ ನಿಂಗೆ ಬ್ಯಾಸ್ರ ಆಗಲ್ವಾ?"

ಬೇಸರವಾಗಿತ್ತು. ಆದರೆ ನಾನು ಹೇಳಿದ್ದು ಬೇರೆ. "ದೊಡ್ಡಪ್ಪ, ಶ್ರಾವಣಕ್ಕೆ ತೂಬು ಬಿಡ್ತಾರೆ. ನೀರು ಒಳಗೆ ಬರುತ್ತೆ. ನಿನ್ ಮಂಚ ತೇಲುತ್ತೆ."

"ತೇಲ್ಲಿ ಬಿಡು. ನಾಲ್ಕು ತಲೆ ಮುಟ್ಟಿ ತೇಲ್ತೀನಿ."

"ತೇಲೋಕೂ ಬಿಡಲ್ಲ ಅವ್ರು. ಅದ್ಕೆ ಮುಂಚೆ ಪಟೇಲ್ರನ್ನ ಎತ್ಕೊಂಡು ಹೋಗಿ ಒಂದು ಬಡಕಲು ತಂದ್ ಬಿಡ್ತಾರೆ. ಮನೆ ಮೋಡಕ್ಕೆ ಹೋಗುತ್ತೆ. ಆಗ ತಂತಿ ಮೇಲಿರೋ ಕಾಗೆಗೆ ಕ್ಷೌರ ಮಾಡು."

ದೊಡ್ಡಪ್ಪ ಬಾಳೆಲೆಯನ್ನು ಮಡಚಿ ನನ್ನ ಕೈಗೆ ಕೊಟ್ಟ. ಪಟೇಲರು ಅದರ ಹಿಂದೆ ಕತ್ತು ಹೊರಳಿಸಿದರು.

"ಗೆರೆಗೆ ಬಂದ್ರೆ ತಲೆಗಳು ಎಲ್ಲಿಗೆ ಬರ್ತವೆ?"

"ಗೊತ್ತಿಲ್ಲ," ಅಂದೆ. "ಕೂತವರು ಕಾಣಲ್ಲ. ಅಷ್ಟು ಗೊತ್ತು."

"ಹೂಂ," ಅಂದ. "ಕಾಗೆಗಿಂತ ವಾಸಿ."

ಅಂದಿನಿಂದ ನಾವಿಬ್ಬರೂ ಸೇರಿ ಇಳಿಸಿದೆವು. ಮನೆಯನ್ನಲ್ಲ, ಪಟೇಲರನ್ನು. ಕಿಟಕಿಗೆ ಬಂದ ಮೀನನ್ನು ದೊಡ್ಡಪ್ಪನೇ ಬೈದು ವಾಪಸ್ಸು ಕಳಿಸಿದ. ಕೂದಲುಂಡೆಯ ದಾರವನ್ನು ಮಂಚದಿಂದಲೇ ಎಳೆದು ಅವರನ್ನು ಕೋಣೆಯ ಉದ್ದಗಲ ಓಡಿಸಿದ. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಇಬ್ಬರೂ ದಣಿದು ಮಲಗಿರುತ್ತಿದ್ದರು. ಪಟೇಲರು ಬೈಗುಳವನ್ನೇನೂ ಉಳಿಸಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ನಾನು ದಾಟುವಾಗಲೆಲ್ಲ ಕಣಕಾಲು ಹಿಡಿದರು. ಆದರೆ ಅವರಿಗೆ ಸೊಂಟ ಬಂತು. ಮೊದಲು ಕೈಗೆ ತಿಳಿಯಿತು, ಆಮೇಲೆ ಕಣ್ಣಿಗೆ ಕಂಡಿತು. ವಾರಕ್ಕೊಮ್ಮೆ ಒಯ್ದು ತೋರಿಸಿದಾಗ ಜೈಬುನ್ನೀಸಾ ಅವರ ಪಕ್ಕೆಯೆಲುಬು ತಡವಿ, "ಹೀಗೇ, ಆತುರ ಬೇಡ," ಎನ್ನುತ್ತಿದ್ದರು. ಹೊಸ್ತಿಲು ರಸ್ತೆಯ ಸಮಕ್ಕೆ ಬಂದಿತು, ರಸ್ತೆ ಬಿಟ್ಟು ಎದ್ದಿತು. ಗೋಡೆಗೆ ಹೊಡೆಸಿದ್ದ ಒಂದು ಹಲಗೆಯನ್ನು ಕಿತ್ತು ತಂದು ಮೆಟ್ಟಿಲಿಗೆ ಹಾಕಿದೆ. ಕಿಟಕಿಯ ಹೊರಗೆ ಕೂತವರ ಗಲ್ಲ ಮರೆಯಾಯಿತು, ಮೂಗು ಮರೆಯಾಯಿತು, ಕೊನೆಗೆ ಕೂತವರೇ ಮರೆಯಾಗಿ ಕೂರುವುದನ್ನು ಬಿಟ್ಟರು. ದೊಡ್ಡಪ್ಪ ಕತ್ತಿಯನ್ನು ಡಬ್ಬಿಗೆ ಹಾಕಿ ಮಂಚದ ಕೆಳಗೆ ತಳ್ಳಿದ.

ಶ್ರಾವಣದ ಮೊದಲಲ್ಲಿ, ತೂಬು ಬಿಡುವ ದಿನ, ಬೋರಲಿಂಗಯ್ಯ ಗಳ ಹಿಡಿದು ಬಂದ. ಬೀದಿಯ ಅರ್ಧ ಜನ ಅವನ ಹಿಂದೆ. ಗಳವನ್ನು ರಸ್ತೆಯಂಚಿಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿದ. ಬಗ್ಗಿ ನೋಡಿದ. ಹೊಸ್ತಿಲು ಕೆಂಪು ಗೆರೆಯನ್ನು ಮುಟ್ಟಿತ್ತು. ದಾಟಿರಲಿಲ್ಲ, ಮುಟ್ಟಿತ್ತು.

"ಮುಟ್ಟಿದ್ರೆ ಸಾಕಾ ಮೇಸ್ತ್ರಿ?" ಎಂದು ತಿಮ್ಮಾಜಮ್ಮ ನನಗಿಂತ ಮೊದಲೇ ಕೇಳಿದಳು.

"ಸಾಕು," ಅಂದ. "ಇದಕ್ಕಿಂತ ಹೆಚ್ಚೇನೂ ಬೇಕಾಗಿಲ್ಲ. ಆದ್ರೆ ಕೇಳ್ಕೊ ದೇವೀರಮ್ಮ, ವರ್ಷಾವರ್ಷ ಬರ್ತೀನಿ."

ಜನ ಹೋ ಎಂದರು. ನಾನು ಒಳಗೆ ಹೋಗಿ ದೊಡ್ಡಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿ ಕಿಟಕಿಯತ್ತ ತಿರುಗಿದ. ಗೆದ್ದ ಮನೆಯಂತೆ ಕಾಣಲಿಲ್ಲ ನಮ್ಮ ಮನೆ. ಪಟೇಲರು ಎಡಗೈಯ ಮೇಲೆ ಮಲಗಿದ್ದರು, ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಆಗ ಬೋರಲಿಂಗಯ್ಯ ಕಿಟಕಿಯ ಹತ್ತಿರ ಬಂದ. ಹಳೆಯ ಗಿರಾಕಿ, ಮಾತಾಡಿಸದೆ ಹೋಗುವುದು ಹೇಗೆ? ಗಳವನ್ನು ಗೋಡೆಗೆ ಒರಗಿಸಿ, ಒಳಗೆ ಬಗ್ಗಿ ನೋಡಲು ಹೋದ. ಬಗ್ಗುವ ಅಗತ್ಯವೇ ಬೀಳಲಿಲ್ಲ. ನಿಂತವನ ಗಲ್ಲ ನೇರವಾಗಿ ಬಂದು ಕಿಟಕಿಯ ಹಲಗೆಯ ಮೇಲೆ ಕೂತಿತು.

"ಏನ್ ಸಿಂಗ್ರಣ್ಣ, ಹೆಂಗಿದ್ದೀಯ?"

ಹೊದಿಕೆಯ ಮೇಲಿದ್ದ ದೊಡ್ಡಪ್ಪನ ಬಲಗೈ ಎದ್ದು ಹೋಗಿ ಮೇಸ್ತ್ರಿಯ ದವಡೆ ಹಿಡಿಯಿತು. ಬಲಕ್ಕೆ ತಿರುಗಿಸಿತು, ಎಡಕ್ಕೆ ತಿರುಗಿಸಿತು.

"ಇದೇನ್ ಗಡ್ಡ ಬಿಟ್ಟಿದ್ದೀಯೋ, ತೂಬಿನ ಹತ್ರದ ಜೊಂಡು ಇದ್ದಂಗೆ. ಕೆನ್ನೆ ಎಳ್ಕೊ."

"ನಿಂತ್ಕೊಂಡೇನಾ?"

"ನಿಂತ್ಕೊಂಡೇ. ದೇವೀರಿ, ಡಬ್ಬಿ ಕೊಡು ಮಗ!"

ಡಬ್ಬಿ ಕೊಟ್ಟೆ. ನೀರು ಬಿಸಿ ಮಾಡಿ ತಂದೆ. ಬೀದಿಯಲ್ಲಿ ತೂಬಿನ ನೀರು ಬಂದು ಮೇಸ್ತ್ರಿಯ ಕಣಕಾಲು ತೋಯಿಸಿಕೊಂಡು ಹರಿದುಹೋಯಿತು. ಅವನು ತನ್ನ ಕೆನ್ನೆಯನ್ನು ತಾನು ಹಿಡಿದುಕೊಂಡು ಅಲುಗದೆ ನಿಂತಿದ್ದ.

ಈಗ ಊರಿನಲ್ಲಿ ಎರಡು ಅಂಗಡಿ. ಕೂತು ಮಾಡಿಸಿಕೊಳ್ಳುವವರು ನನ್ನಲ್ಲಿಗೆ ಬರುತ್ತಾರೆ, ಮಾತು ಬೇಕಾದವರು ಕಿಟಕಿಗೆ ಹೋಗಿ ನಿಲ್ಲುತ್ತಾರೆ. ಕುಳ್ಳಗಿರುವವರು ತಮ್ಮ ತಮ್ಮ ಇಟ್ಟಿಗೆ ತಂದುಕೊಳ್ಳಬೇಕು. ಪಟೇಲರ ಬಟ್ಟಲಿನ ಉಸ್ತುವಾರಿ ಪೂರ್ತಿ ದೊಡ್ಡಪ್ಪನದು, ಅವನನ್ನು ಕೇಳದೆ ನಾನು ಒಂದು ತುಣುಕು ಹಾಕುವ ಹಾಗಿಲ್ಲ. ಮುಂಜಾನೆ ಬಂದ ಮೊದಲ ಗಿರಾಕಿಯನ್ನು ಹಲಗೆಯ ಮುಂದೆ ನೆಟ್ಟಗೆ ನಿಲ್ಲಿಸಿ ನೋಡುತ್ತಾನೆ. ಹಲಗೆ ತುಟಿಯವರೆಗೆ ಬಂದಿದ್ದರೆ ಪಟೇಲರಿಗೆ ಒಂದು ಚೂರು ಹೆಚ್ಚು, ಗಲ್ಲಕ್ಕಿದ್ದರೆ ಮಾಮೂಲು. ಅದಕ್ಕಿಂತ ಕೆಳಗೆ ಏನು ಕಂಡರೂ ಅವನಿಗೆ ಸಿಟ್ಟು.

ಇವತ್ತು ಬೆಳಿಗ್ಗೆ ಚನ್ನಪ್ಪಾಜಿ ಬಂದ, ಕೈಯಲ್ಲಿ ಬಾಳೆಲೆಯ ಪೊಟ್ಟಣ, ಅದರಿಂದ ಎಣ್ಣೆ ಜಿನುಗುತ್ತಿತ್ತು. ಪಟೇಲರು ಮಂಚದಿಂದ ಹಾರಿ ಹಲಗೆಯ ಮೇಲೆ ಬಂದು ಕೂತರು. ದೊಡ್ಡಪ್ಪ ಪೊಟ್ಟಣವನ್ನು ನೋಡಲಿಲ್ಲ, ಚನ್ನಪ್ಪಾಜಿಯ ಎದೆ ನೋಡಿದ.

"ನಿನ್ ಅಂಗಿ ಮೇಲ್ಗಡೆ ಗುಂಡಿ ಕಾಣ್ತೈತಲ್ಲಯ್ಯಾ."

"ಕಾಣ್ಲಿ ಬಿಡಣ್ಣ, ಒಂದ್ ಗುಂಡಿ ತಾನೆ."

"ಮೀನು ವಾಪಸ್ ತಗೊಂಡೋಗು. ಕೊಟ್ಟು ಬಂದು ನಿಂತ್ಕೊ."

ಪಟೇಲರು ಪೊಟ್ಟಣದಿಂದ ಕಣ್ಣು ಕಿತ್ತು ದೊಡ್ಡಪ್ಪನ ಮುಖಕ್ಕೆ ನೆಟ್ಟರು. ಬಾಯಿ ತೆರೆದು, ದನಿಯೇ ಇಲ್ಲದ ಒಂದು ಕೂಗು ಕೂಗಿದರು.

"ನನ್ ಮೊಕ ಯಾಕ್ ನೋಡ್ತೀರಾ ಪಟೇಲ್ರೇ," ಅಂದ ದೊಡ್ಡಪ್ಪ, ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆಯುತ್ತ. "ಅವನ್ ಗುಂಡಿ ನೋಡಿ."